ಹತ್ತು ನಲವತ್ತಕ್ಕೆ ಎಷ್ಟು ಪೆಟ್ಟು

ಜನವರಿ ೯

ಅಕ್ಕನಿಗೆ,

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಅಮ್ಮ ಗಟ್ಟಿಮುಟ್ಟಾಗಿದ್ದಾಳೆ, ಮೊಣಕಾಲು ಮಾತ್ರ ದಿನಕ್ಕೊಂದು ರಾಗ ಹಾಡುತ್ತದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ "ಹೇಗಿದ್ದೀಯಾ", "ಚೆನ್ನಾಗಿದ್ದೀನಿ" ಆದ ಮೇಲೆ ಮುಂದೇನು ಹೇಳಬೇಕೆಂದು ತಿಳಿಯದೆ ಇಟ್ಟುಬಿಡುತ್ತೇವೆ. ಇದು ಕುಳಿತು ಬರೆಯಬೇಕಾದ ವಿಷಯ.

ಬೇರೆ ಊರುಗಳನ್ನೆಲ್ಲ ಸುತ್ತಿಸಿ ಕೊನೆಗೆ ನನ್ನನ್ನು ನಮ್ಮ ಸ್ಟೇಷನ್ನಿಗೇ ಮಾಸ್ತರನಾಗಿ ಹಾಕಿದ್ದು ನಿನಗೆ ಗೊತ್ತಲ್ಲ. ಅಪ್ಪ ಕೂತ ಕುರ್ಚಿ, ಅಪ್ಪನ ಮೇಜು, ನಾವು ಬೆಳೆದ ಅದೇ ಕ್ವಾರ್ಟರ್ಸು. ಈಗ ಮೇಲಿನ ಆಫೀಸಿನಿಂದ ಒಂದು ಆದೇಶ ಬಂದಿದೆ. ಸ್ಟೇಷನ್ನಿಗೆ ನೂರು ವರ್ಷವಾಗುತ್ತದಂತೆ. ಬಾಗಿಲ ಪಕ್ಕದಲ್ಲಿ ದೊಡ್ಡ ಬೋರ್ಡು ಹಾಕಿಸಬೇಕು. ತಲೆಬರಹ "ಇತಿಹಾಸ ಮತ್ತು ಸೌಲಭ್ಯಗಳು". ಹದಿನೈದು ಸಾಲು ಮೀರಬಾರದು. ಬರೆದುಕೊಡುವ ಭಾಗ್ಯ ನನ್ನದು.

ಶುರು ಮಾಡಿದ ದಿನದಿಂದ ತಲೆ ಚಿಟ್ಟು ಹಿಡಿದಿದೆ. ಮೊದಲನೆಯದಾಗಿ ನೂರು ವರ್ಷ ಆಗಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಬಾಗಿಲ ಮೇಲಿನ ಕಲ್ಲಿನ ಪ್ರಕಾರ ನೂರಾಗಿದೆ. ಫೈಲಿನ ಪ್ರಕಾರ ತೊಂಬತ್ತನಾಲ್ಕು. ಮೂರು ದಿನ ಕಪಾಟು ಜಾಲಾಡಿದ ಮೇಲೆ ತಿಳಿಯಿತು, ಕಟ್ಟಡ ಮೊದಲು ಬಂತು, ಹಳಿ ಬಂದದ್ದು ಆರು ವರ್ಷ ಬಿಟ್ಟು. ಆ ಆರೂ ವರ್ಷ ಇಲ್ಲೊಬ್ಬ ಮಾಸ್ತರು ಸಂಬಳ ತೆಗೆದುಕೊಂಡು ಕೂತಿದ್ದರು. ದಿನಚರಿಯಲ್ಲಿ ಪ್ರತಿದಿನ "ಇಂದು ಗಾಡಿ ಇಲ್ಲ" ಎಂದು ಬರೆದು ಸಹಿ ಹಾಕಿದ್ದಾರೆ. ಆರು ವರ್ಷ, ಅಕ್ಕ! ಒಂದು ದಿನವೂ ತಪ್ಪಿಸಿಲ್ಲ.

ಸೌಲಭ್ಯಗಳದ್ದು ಇನ್ನೊಂದು ತಲೆನೋವು. ತೂಕದ ಯಂತ್ರವಿದೆ, ಎಲ್ಲವನ್ನೂ ಎರಡು ಕಿಲೋ ಹೆಚ್ಚು ತೋರಿಸುತ್ತದೆ. ನಲ್ಲಿಯಿದೆ, ನೀರು ಉಪ್ಪು. ಕಾಯುವ ಕೋಣೆಯಿದೆ, ಸಮುದ್ರದ ಗಾಳಿಗೆ ಬಾಗಿಲು ಊದಿಕೊಂಡು ಹತ್ತು ವರ್ಷದಿಂದ ಮುಚ್ಚಿಲ್ಲ. ಬೆಂಚು ನಾಲ್ಕು, ಅದರಲ್ಲಿ ಒಂದರ ಮುಖ ಹಳಿಯ ಕಡೆಗಿಲ್ಲ, ನೀರಿನ ಕಡೆಗಿದೆ. ಯಾರು ಹಾಗೆ ಕೂರಿಸಿದರೋ. ಇವನ್ನೆಲ್ಲ ಸೌಲಭ್ಯ ಎಂದು ಬರೆದರೆ ಜನ ನಗುವುದಿಲ್ಲವೇ?

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಗಂಟೆಯ ಬಗ್ಗೆ ಆಫೀಸಿನವರಿಗೆ ಬಹಳ ಆಸಕ್ತಿ. ಬೇರೆಲ್ಲೂ ಈ ಪದ್ಧತಿ ಇಲ್ಲವಂತೆ. ಹಳಿ ಇಲ್ಲಿಗೇ ಮುಗಿಯುವುದರಿಂದ ಎರಡೂ ಗಾಡಿ ಸಮುದ್ರಕ್ಕೆ ಬೆನ್ನು ಹಾಕಿ ಒಂದೇ ದಿಕ್ಕಿಗೆ ಹೊರಡುತ್ತವೆ, ಸೇತುವೆ ದಾಟಿದ ಮೇಲೆ ತಾನೇ ಒಂದು ಒಳನಾಡಿಗೆ, ಇನ್ನೊಂದು ಬಂದರಿಗೆ. ಪ್ಲಾಟ್‌ಫಾರ್ಮು ಒಂದೇ, ಆಚೆ ಬದಿಗೊಂದು ಗಾಡಿ, ಈಚೆ ಬದಿಗೊಂದು. ಹೊಸಬರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಬೋರ್ಡು ಬರೆಸಿದರೆ ಉಪ್ಪುಗಾಳಿ ಒಂದೇ ವರ್ಷದಲ್ಲಿ ತಿಂದುಹಾಕುತ್ತದೆ. ಅದಕ್ಕೇ ಹಿಂದಿನವರು ಗಂಟೆಯ ಲೆಕ್ಕ ಮಾಡಿದ್ದು: ಒಳನಾಡಿನ ಗಾಡಿಗೆ ಒಂದು ಪೆಟ್ಟು, ಬಂದರಿನ ಗಾಡಿಗೆ ಎರಡು. ಮಾಸ್ತರನೇ ಸ್ವಂತ ಕೈಯಿಂದ ಹೊಡೆಯಬೇಕು.

ಇವೆಲ್ಲ ನಿನಗೆ ಗೊತ್ತಿರುವುದೇ. ಆದರೆ ಆಫೀಸಿನವರು ಒಂದು ಸಾಲು ಅವರೇ ಬರೆದು ಕಳಿಸಿದ್ದಾರೆ: "ಈ ಗಂಟೆ ನೂರು ವರ್ಷಗಳಲ್ಲಿ ಒಂದೇ ಒಂದು ಸಲ ತಪ್ಪಿದೆ." ಓದುವವರಿಗೆ ಸ್ವಾರಸ್ಯವಾಗಿರುತ್ತದಂತೆ. ಯಾವ ಸಲ ಎಂದು ನಾನು ನಿನಗೆ ಹೇಳಬೇಕಾಗಿಲ್ಲ.

ಬರೆಸಲೋ, ಬಿಡಲೋ? ಅಪ್ಪ ಇಲ್ಲ. ತಪ್ಪು ಅವರದು, ನಷ್ಟ ನಿನ್ನದು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಭಾವನಿಗೆ ನನ್ನ ನೆನಪು ಹೇಳು.

ನಿನ್ನ ತಮ್ಮ


ಜನವರಿ ೨೦

ತಮ್ಮನಿಗೆ,

ಇಷ್ಟುದ್ದ ಕಾಗದ ನೀನು ಬರೆದಿದ್ದನ್ನು ಭಾವನಿಗೆ ತೋರಿಸಿದೆ. "ನಿನ್ನ ತಮ್ಮನಿಗೆ ಅಲ್ಲಿ ಕೆಲಸ ಇಲ್ಲ ಅಂತ ಕಾಣುತ್ತೆ" ಅಂದರು. ಬಂದರಿನಲ್ಲಿ ಕ್ರೇನು ಓಡಿಸುವವರು, ಕ್ರೇನು ಇಳಿದ ಮೇಲೂ ಅವರಿಗೆ ಎಲ್ಲವನ್ನೂ ಮೇಲಿಂದ ನೋಡುವ ಅಭ್ಯಾಸ.

ಬರೆಸು. ಇದರಲ್ಲಿ ಕೇಳುವುದೇನಿದೆ? ಆದದ್ದು ಆಗಿದೆ, ಮೂವತ್ತೊಂದು ವರ್ಷವಾಗಿದೆ. ಹತ್ತು ನಲವತ್ತಕ್ಕೆ ಎರಡು ಪೆಟ್ಟು ಬೀಳಬೇಕಾದಲ್ಲಿ ಒಂದು ಬಿತ್ತು. ಒಂದು ಬಿದ್ದರೆ ಒಳನಾಡಿನ ಗಾಡಿ. ಹೊರಡುವ ಗಾಡಿ ಹತ್ತಿ ಕೂತೆ, ಬಂದರಿಗೆ ಬಂದೆ. ಅವತ್ತೇ ಒಳನಾಡಿನಲ್ಲಿ ನರ್ಸ್ ತರಬೇತಿಗೆ ಸೇರುವ ಕೊನೇ ದಿನ. ಸೀಟು ಹೋಯಿತು. ಅದರಿಂದ ನಾನೇನೂ ಬೀದಿಗೆ ಬೀಳಲಿಲ್ಲ. ಇಲ್ಲೇ ಟಾರ್ಪಾಲು ಹೊಲಿಯುವ ಶೆಡ್ಡಿಗೆ ಸೇರಿದೆ, ಈಗ ನನ್ನ ಕೈಕೆಳಗೆ ಹದಿನೇಳು ಜನ ಇದ್ದಾರೆ. ಸೂಜಿ ಹಿಡಿಯುವ ಹಣೆಬರಹ ಇತ್ತು, ಮನುಷ್ಯರ ಮೈಗೆ ಚುಚ್ಚುವ ಬದಲು ಟಾರ್ಪಾಲಿಗೆ ಚುಚ್ಚುತ್ತಿದ್ದೇನೆ.

ನನಗೆ ತಿಳಿಯದೇ ಉಳಿದಿದ್ದು ಒಂದೇ. ಇಪ್ಪತ್ತು ವರ್ಷ ಕೈ ತಪ್ಪದ ಮನುಷ್ಯ, ಮಗಳು ಹೊರಟ ದಿನವೇ ಯಾಕೆ ತಪ್ಪಬೇಕಿತ್ತು? ಬೇಕೆಂದೇ ಹೊಡೆದರೋ, ಮರೆತು ಹೊಡೆದರೋ? ಅವರನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಿನ್ನ ಕಪಾಟಿನಲ್ಲಿ ಅದಕ್ಕೆ ಉತ್ತರ ಇರಲಾರದು.

ನೀರಿನ ಕಡೆ ಮುಖ ಮಾಡಿದ ಬೆಂಚನ್ನು ಖಂಡಿತ ಬರೆಸು. ಆ ಸ್ಟೇಷನ್ನಿನಲ್ಲಿ ಕೆಲಸಕ್ಕೆ ಬರುವ ಸೌಲಭ್ಯ ಅದೊಂದೇ.

ಅಮ್ಮನ ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು ಕಟ್ಟಲು ನಿನ್ನ ಹೆಂಡತಿಗೆ ಹೇಳು.

ಅಕ್ಕ


ಫೆಬ್ರವರಿ ೩

ಅಕ್ಕನಿಗೆ,

ನಿನ್ನ ಕಾಗದ ಬಂದ ದಿನವೇ ಅಮ್ಮನನ್ನೂ ಕೇಳಿದೆ. ಅವರೆಕಾಳು ಬಿಡಿಸುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ. "ಬರೆಸು. ಮಾಡಿದ್ದನ್ನ ಮಾಡಿದ್ರು ಅಂತ ಜನ ಓದ್ಲಿ" ಅಂದಳು. ಅವಳ ಸಿಟ್ಟು ಇನ್ನೂ ಆರಿಲ್ಲ ಅಂತ ಅವತ್ತೇ ನನಗೆ ತಿಳಿದದ್ದು. ನೀನು ಹೋದ ಮೇಲೆ ಈ ಮನೆ ಹೇಗಿತ್ತೆಂದು ನಿನಗೆ ಗೊತ್ತಿಲ್ಲ. ಅಪ್ಪನ ಜೊತೆ ಅವಳು ನೇರ ಮಾತು ಬಿಟ್ಟಳು. "ನಿಮ್ಮಪ್ಪನಿಗೆ ಊಟ ಆಗಿದೆ ಅಂತ ಹೇಳು." "ನಿಮ್ಮಪ್ಪನಿಗೆ ಇನ್ನೂ ಬೇಕಾ ಕೇಳು." ಅಪ್ಪ ಎದುರಿಗೇ ಕೂತಿರುತ್ತಿದ್ದರು. ನಾನು ಮಧ್ಯೆ ಕೂತು ಅವಳ ಮಾತು ಇವರಿಗೆ, ಇವರ ಮಾತು ಅವಳಿಗೆ ದಾಟಿಸುತ್ತಿದ್ದೆ. ಅವರು ಹೋಗುವವರೆಗೂ, ಹನ್ನೊಂದು ವರ್ಷ.

ಇರಲಿ. ನಿನ್ನ ಪ್ರಶ್ನೆಗೆ ಉತ್ತರ ಸಿಗಬಹುದೆಂದು ಆ ವರ್ಷದ ದಿನಚರಿ ಹುಡುಕಿ ತೆಗೆದೆ. ಸಿಕ್ಕಿತು. ಸಿಕ್ಕಿದ ಮೇಲೆ ಇನ್ನಷ್ಟು ಗೊಂದಲವಾಗಿದೆ.

ಅಪ್ಪನ ಅಕ್ಷರ ನಿನಗೆ ನೆನಪಿರಬೇಕು, ಮುತ್ತು ಪೋಣಿಸಿದ ಹಾಗೆ. ಇಪ್ಪತ್ತೊಂಬತ್ತು ವರ್ಷದ ದಿನಚರಿಯಲ್ಲಿ ಒಂದೇ ಒಂದು ಕಾಟು ಇಲ್ಲ. ಪುಟ ಪುಟವೂ ತಿರುವಿದ್ದೇನೆ. ನೀನು ಹೊರಟ ದಿನದ ಪುಟದಲ್ಲಿ ಮಾತ್ರ ಇದೆ. "೧೦-೪೦, ಬಂದರಿನ ಗಾಡಿ, ಎರಡು ಪೆಟ್ಟು" ಎಂದು ಕಪ್ಪು ಶಾಯಿಯಲ್ಲಿ ಬರೆದಿದ್ದಾರೆ. ಆಮೇಲೆ ನೀಲಿ ಶಾಯಿಯಲ್ಲಿ "ಎರಡು" ಹೊಡೆದುಹಾಕಿ ಮೇಲೆ "ಒಂದು" ಎಂದು ಬರೆದಿದ್ದಾರೆ. ಪಕ್ಕದಲ್ಲಿ "ನನ್ನ ತಪ್ಪು" ಮತ್ತು ಸಹಿ.

ತಪ್ಪು ಹೊಡೆದವರು ಮೊದಲು ಸರಿಯಾಗಿ ಬರೆದದ್ದೇಕೆ? ಅಭ್ಯಾಸಬಲದಿಂದ ಬರೆದು ಆಮೇಲೆ ಹೊಳೆಯಿತೋ? ಅಥವಾ ಮುಚ್ಚಿಡಲು ಹೋಗಿ ಮನಸ್ಸು ಒಪ್ಪದೆ ತಿದ್ದಿದರೋ? ಎರಡೂ ಇರಬಹುದು ಅನಿಸುತ್ತದೆ. ಎರಡೂ ಅಲ್ಲ ಅಂತಲೂ ಅನಿಸುತ್ತದೆ.

ಇನ್ನೊಂದು ಮಾತು. ಅವತ್ತು ಒಳನಾಡಿನ ಗಾಡಿಗೆ ನಲವತ್ತೊಂದು ಟಿಕೆಟು ಹೋಗಿದೆ. ಗಂಟೆ ತಪ್ಪಿದ್ದರೆ ನಿನ್ನ ಹಾಗೆ ಇನ್ನೂ ನಾಲ್ಕು ಜನವಾದರೂ ಬಂದರಿನ ಗಾಡಿ ಹತ್ತಬೇಕಿತ್ತಲ್ಲ? ಒಬ್ಬರೂ ತಪ್ಪಿಲ್ಲ. ಒಂದು ದೂರೂ ಇಲ್ಲ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಬೋರ್ಡು ಬರೆಯುವ ಪೇಂಟರ್ ಹದಿನಾಲ್ಕು ಸಾಲು ಮುಗಿಸಿದ್ದಾನೆ. ಹದಿನೈದನೆಯದಕ್ಕೆ ಜಾಗ ಬಿಟ್ಟು ಕೂತಿದ್ದಾನೆ.

ತಮ್ಮ


ಫೆಬ್ರವರಿ ೧೨

ತಮ್ಮನಿಗೆ,

ನೀನು ಮಾಸ್ತರನೋ ಪೊಲೀಸಿನವನೋ? ಕಪ್ಪು ಶಾಯಿ, ನೀಲಿ ಶಾಯಿ, ನಲವತ್ತೊಂದು ಟಿಕೆಟು! ಉಳಿದವರು ದಿನಾ ಓಡಾಡುವ ಜನ, ಗಾಡಿಯ ಮುಖ ನೋಡಿಯೇ ಹತ್ತುತ್ತಾರೆ. ಗಂಟೆ ಯಾರು ಕೇಳುತ್ತಾರೆ?

ಅಪ್ಪನೇ "ನನ್ನ ತಪ್ಪು" ಎಂದು ಬರೆದು ಸಹಿ ಹಾಕಿದ ಮೇಲೆ ನಿನ್ನದೇನು ತಕರಾರು? ಆ ತಪ್ಪಿಗೆ ಅವರ ಬಡ್ತಿ ನಿಂತಿತು, ನಿವೃತ್ತಿಯವರೆಗೂ ಅದೇ ಸ್ಟೇಷನ್ನಿನಲ್ಲಿ ಕೊಳೆತರು. ಬೋರ್ಡಿಗೆ ಹಾಕು, ಮುಗಿಸು.

ಅಮ್ಮ ಮಾತು ಬಿಟ್ಟಿದ್ದನ್ನು ನೀನು ಇಷ್ಟು ವರ್ಷ ನನಗೆ ಹೇಳಿರಲಿಲ್ಲ. ಹನ್ನೊಂದು ವರ್ಷವೇ? ಒಂದು ದಿನವೂ ಆಡಲಿಲ್ಲವೇ? ಹಬ್ಬ ಹರಿದಿನ, ಕಾಯಿಲೆ ಕಸಾಲೆ ಅಂತ ಇರುತ್ತದಲ್ಲ, ಆಗಲೂ ಇಲ್ಲವೇ?

ಶೆಡ್ಡಿನಲ್ಲಿ ಕೆಲಸ ಜಾಸ್ತಿ ಇದೆ. ಹಡಗಿನವರು ಅವಸರ ಮಾಡುತ್ತಿದ್ದಾರೆ.

ಅಕ್ಕ


ಫೆಬ್ರವರಿ ೨೫

ಅಕ್ಕನಿಗೆ,

ಆಡಲಿಲ್ಲ. ಕೊನೆಯ ವಾರ ಆಸ್ಪತ್ರೆಯಲ್ಲಿ ಒಂದು ಸಲ "ನೀರು ಬೇಕಾ" ಎಂದು ಕೇಳಿದ್ದು ನಾನು ಕೇಳಿಸಿಕೊಂಡೆ. ಅಪ್ಪನಿಗೆ ಆಗ ಎಚ್ಚರ ಇರಲಿಲ್ಲ.

ನೀನು ಬಯ್ದರೂ ಸರಿ, ಇನ್ನೊಂದು ಹೇಳಲೇಬೇಕು. ಖಾಲಿ ಬಿಟ್ಟ ಸಾಲಿಗೆ "ಕಳೆದುಹೋದ ಸಾಮಾನುಗಳ ಕಪಾಟು" ಸೇರಿಸೋಣವೆಂದು ಅದರ ಹಳೇ ರಿಜಿಸ್ಟರು ತೆಗೆದೆ. ಕೊಡೆ, ಚಪ್ಪಲಿ, ಒಂದು ಹಲ್ಲಿನ ಸೆಟ್ಟು, ಒಂದು ಜೀವಂತ ಬಾತುಕೋಳಿ (ಅದನ್ನು ವಾರಸುದಾರರು ಬಂದು ಒಯ್ದಿದ್ದಾರೆ). ಹಾಗೇ ಓದುತ್ತಾ ಹೋದಾಗ ನೀನು ಹೊರಟ ಮೂರನೇ ದಿನಕ್ಕೆ ಅಪ್ಪನ ಅಕ್ಷರದಲ್ಲೇ ಹೀಗಿದೆ: "ಹಸಿರು ಟ್ರಂಕು ಒಂದು. ಒಳನಾಡಿನ ಗಾಡಿಯಲ್ಲಿ ಸಿಕ್ಕಿದ್ದು, ಕಿಟಕಿ ಪಕ್ಕದ ಸೀಟಿನ ಕೆಳಗೆ. ಮಗಳದು. ಬಂದರಿಗೆ ಕಳಿಸಿದೆ."

ಟ್ರಂಕು ಸರಿಯಾದ ಗಾಡಿಯಲ್ಲಿತ್ತು. ನೀನು ತಪ್ಪು ಗಾಡಿಯಲ್ಲಿದ್ದೆ. ಇದು ಹೇಗೆ?

ನಮ್ಮ ಹಳೇ ಹಮಾಲಿ ಮೂಟೆಯಣ್ಣ ಇನ್ನೂ ಇದ್ದಾನೆ. ಕಣ್ಣು ಕಾಣುವುದಿಲ್ಲ, ನಾಲಿಗೆಗೆ ಏನೂ ಆಗಿಲ್ಲ. ಹೋಗಿ ಕೇಳಿದೆ. "ಅಯ್ಯೋ, ಮಾಸ್ತರ ಮಗಳನ್ನ ನಾನೇ ಅಲ್ವೇನಪ್ಪಾ ಕೂರಿಸಿದ್ದು! ಒಳನಾಡಿನ ಗಾಡಿ, ಕಿಟಕಿ ಪಕ್ಕ. ಟ್ರಂಕು ಸೀಟಿನ ಕೆಳಗೆ ತಳ್ಳಿ, ಹುಷಾರು ತಾಯಿ ಅಂತ ಹೇಳಿ ಇಳಿದೆ" ಅಂದ. ಆದರೆ ಆಮೇಲೆ ಅವನೇ "ಅವತ್ತು ಜೋರು ಮಳೆ, ಉಗಿ ಇಂಜಿನ್ನು ಬುಸುಬುಸು ಅಂತಿತ್ತು" ಅಂದ. ದಿನಚರಿಯ ಪ್ರಕಾರ ಅವತ್ತು ಸುಡುಬಿಸಿಲು. ಉಗಿ ಇಂಜಿನ್ನು ಹೋಗಿ ಅಷ್ಟು ಹೊತ್ತಿಗೆ ಹತ್ತು ವರ್ಷವಾಗಿತ್ತು. ಅವನ ಮಾತು ನಂಬುವುದೋ ಬಿಡುವುದೋ?

ಅಕ್ಕ, ನಾನು ನಿನ್ನನ್ನು ಕಟಕಟೆಯಲ್ಲಿ ನಿಲ್ಲಿಸುತ್ತಿಲ್ಲ. ದಿನಾ ಹತ್ತು ನಲವತ್ತಕ್ಕೆ ನಾನೇ ಅದೇ ಹಗ್ಗ ಹಿಡಿದು ಎರಡು ಪೆಟ್ಟು ಹೊಡೆಯುತ್ತೇನೆ. ಹೊಡೆದು ಬಂದು ಕುರ್ಚಿಯಲ್ಲಿ ಕೂತರೆ ಹೊಡೆದದ್ದು ಎರಡೋ ಒಂದೋ ಎಂದು ಅನುಮಾನ ಶುರುವಾಗುತ್ತದೆ. ನಿನ್ನೆ ಟಿಕೆಟ್ ಕ್ಲರ್ಕನ್ನು ಕರೆದು "ಎಷ್ಟು ಹೊಡೆದೆ?" ಎಂದು ಕೇಳಿದೆ. ಅವನು ನನ್ನನ್ನು ಒಂದು ಥರಾ ನೋಡಿದ. ಅಪ್ಪ ತಪ್ಪು ಮಾಡಿದ್ದರೆ ಮಾಡಿದ್ದಾರೆ, ನನಗೆ ಅದು ಬೇಕು. ಮಾಡಿಲ್ಲದಿದ್ದರೆ ಅದೂ ಬೇಕು. ಮಧ್ಯದಲ್ಲಿ ನಿಂತುಕೊಂಡು ಅವರ ಹೆಸರನ್ನು ಬೋರ್ಡಿಗೆ ಏರಿಸಲು ಕೈ ಬರುತ್ತಿಲ್ಲ.

ತಮ್ಮ


ಮಾರ್ಚ್ ೨೧

ಅಕ್ಕನಿಗೆ,

ಹೋದ ಕಾಗದಕ್ಕೆ ಉತ್ತರ ಬರಲಿಲ್ಲ. ಫೋನ್ ಮಾಡಿದರೆ ಭಾವನೇ ಎತ್ತಿಕೊಂಡು "ಅವಳು ಶೆಡ್ಡಿನಲ್ಲಿದ್ದಾಳೆ" ಅನ್ನುತ್ತಾರೆ. ಭಾನುವಾರವೂ ಶೆಡ್ಡಿನಲ್ಲಿ ಇರುತ್ತೀಯಾ?

ಮೇಲಿನ ಆಫೀಸಿನವರು ಏಪ್ರಿಲ್ ಮೂವತ್ತರೊಳಗೆ ಬೋರ್ಡು ನಿಲ್ಲಿಸಬೇಕು ಎಂದಿದ್ದಾರೆ. ಪೇಂಟರ್ ದಿನಾ ಬಂದು ಖಾಲಿ ಜಾಗ ತೋರಿಸಿ "ಏನ್ ಸಾರ್, ಏನಾದ್ರೂ ಒಂದು ಹಾಕಿ, ಹೂವಿನ ಬಳ್ಳಿ ಬರೀಲಾ?" ಎನ್ನುತ್ತಾನೆ.

ನಾನು ಕೇಳಿದ್ದು ತಪ್ಪಾಗಿದ್ದರೆ ಹಾಗೆಂದಾದರೂ ಬರೆ.

ತಮ್ಮ


ಮಾರ್ಚ್ ೩೦

ಆ ಸಾಲು ಬರೆಸಬೇಡ. ಯಾಕೆಂದು ಬರೆಯುತ್ತೇನೆ. ಮೂರು ಸಲ ಬರೆದು ಹರಿದಿದ್ದೇನೆ. ಅಮ್ಮನಿಗೆ ಸದ್ಯಕ್ಕೆ ಏನೂ ಹೇಳಬೇಡ.

ಅಕ್ಕ


ಏಪ್ರಿಲ್ ೧೧

ತಮ್ಮನಿಗೆ,

ಮೂಟೆಯಣ್ಣ ಹೇಳಿದ್ದರಲ್ಲಿ ಮಳೆ ಸುಳ್ಳು, ಉಗಿ ಇಂಜಿನ್ನು ಸುಳ್ಳು, ಕಿಟಕಿ ನಿಜ.

ನಾನು ಒಳನಾಡಿನ ಗಾಡಿಯಲ್ಲೇ ಕೂತಿದ್ದೆ. ಹತ್ತೂವರೆಗೆ ಅಪ್ಪ ಕಿಟಕಿ ಹತ್ತಿರ ಬಂದರು. ಚಿಲಕವನ್ನು ಎರಡು ಮೂರು ಸಲ ಎಳೆದು ನೋಡಿದರು. "ಗಾಡಿ ಹೊರಟ ಮೇಲೆ ಕೈ ಆಚೆ ಹಾಕಬೇಡ" ಅಂದರು, ನಾನು ನಾಲ್ಕು ವರ್ಷದ ಮಗು ಅನ್ನುವ ಹಾಗೆ. ಆಮೇಲೆ ಗಂಟೆ ಹೊಡೆಯಲು ಹೋದರು. ಎರಡು ಪೆಟ್ಟು ಬಿತ್ತು. ಬಂದರಿನ ಗಾಡಿಗೆ. ಎರಡು ಬೀಳಬೇಕಿತ್ತು, ಎರಡೇ ಬಿತ್ತು. ಸ್ಟೇಷನ್ನಿನಲ್ಲೇ ಬೆಳೆದವಳು ನಾನು, ನನಗೆ ಅದು ಗೊತ್ತಾಗದೇ ಇರುತ್ತದೆಯೇ?

ಎದ್ದೆ. ಇಳಿದೆ. ಪ್ಲಾಟ್‌ಫಾರ್ಮಿನ ಆ ಬದಿಯಿಂದ ಈ ಬದಿಗೆ ಹತ್ತು ಹೆಜ್ಜೆ. ಬಂದರಿನ ಗಾಡಿ ಹತ್ತಿದೆ. ಟ್ರಂಕಿನ ನೆನಪೇ ಬರಲಿಲ್ಲ.

ಯಾರದೋ ಹಿಂದೆ ಓಡಿಹೋದೆ ಎಂದು ಅಂದುಕೊಳ್ಳಬೇಡ. ಭಾವ ಸಿಕ್ಕಿದ್ದು ಎರಡು ವರ್ಷ ಆದ ಮೇಲೆ. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ಹಳಿ ಬದಲಿಸುವ ಪಾಯಿಂಟ್ಸ್‌ಮನ್ನನ ಬೆರಳು ಜಜ್ಜಿ ರಕ್ತ ಸುರಿದಾಗ ನಾನು ಅಡುಗೆಮನೆಯಲ್ಲಿ ಬಿದ್ದುಬಿಟ್ಟಿದ್ದೆ, ನಿನಗೆ ನೆನಪಿಲ್ಲ, ನೀನು ಸ್ಕೂಲಿಗೆ ಹೋಗಿದ್ದೆ. ಅಮ್ಮನಿಗೆ ಒಂದು ಸಲ ಹೇಳಿದೆ, ನನ್ನ ಕೈಲಾಗಲ್ಲಮ್ಮಾ ಅಂತ. "ಎಲ್ಲಾ ರೂಢಿ ಆಗುತ್ತೆ, ಅಪ್ಪನ ಮುಂದೆ ಹೀಗೆ ಮಾತಾಡಬೇಡ" ಅಂದಳು. ಅಪ್ಪ ಒಂದು ವರ್ಷ ಆ ಸೀಟಿಗಾಗಿ ಓಡಾಡಿದ್ದರು. ಮುತ್ತಿನಂಥ ಅಕ್ಷರದಲ್ಲಿ ಎಷ್ಟು ಅರ್ಜಿ ಬರೆದರೋ. ಟಿಕೆಟು ಕೊಳ್ಳಲು ಬಂದವರಿಗೆಲ್ಲ "ನಮ್ಮ ಹುಡುಗಿ ನರ್ಸ್ ಆಗ್ತಾಳೆ" ಅನ್ನುತ್ತಿದ್ದರು. ಅವರ ಮುಂದೆ ನಿಂತು ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಬಾಯಿ ಬರದಿದ್ದಕ್ಕೆ ಕಾಲು ಎದ್ದು ನಡೆಯಿತು.

ಇದಕ್ಕಿಂತ ದೊಡ್ಡದು ಮುಂದಿದೆ. ಗಾಡಿ ಹೊರಟಿತು. ಅಪ್ಪ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಬಾವುಟ ಹಿಡಿದು ನಿಂತಿದ್ದರು. ನನ್ನ ಕಿಟಕಿ ಅವರ ಮುಂದೆಯೇ ಹಾದುಹೋಯಿತು. ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಬಲಗೈಯಲ್ಲಿ ಹಸಿರು ಬಾವುಟ ಬಿಚ್ಚಿತ್ತು, ಎಡಗೈಯಲ್ಲಿ ಕೆಂಪು ಸುತ್ತಿ ಇಟ್ಟುಕೊಂಡಿದ್ದರು. ಕೆಂಪು ಎತ್ತಿದ್ದರೆ ಗಾಡಿ ನಿಲ್ಲುತ್ತಿತ್ತು. ಅವರು ಎತ್ತಲಿಲ್ಲ. ಹಸಿರನ್ನು ಕೆಳಗೂ ಇಳಿಸಲಿಲ್ಲ. ಸೇತುವೆಯ ತಿರುವು ಬರುವವರೆಗೂ ಹಾಗೇ ಹಿಡಿದುಕೊಂಡು ನಿಂತಿದ್ದರು.

ಬಂದರಿನಲ್ಲಿ ಇಳಿದೆ. ಎಲ್ಲಿ ಹೋಗಬೇಕೆಂದು ಗೊತ್ತಿರಲಿಲ್ಲ. ಅಲ್ಲಿಯ ಮಾಸ್ತರರಿಗೆ ನನ್ನ ಗುರುತು ಸಿಕ್ಕಿತು. "ಇದೇನಮ್ಮಾ, ನೀನು ಒಳನಾಡಿಗೆ ಹೋಗಬೇಕಾದವಳಲ್ವಾ? ಮಾಸ್ತರ ಮಗಳಾಗಿ ಗಾಡಿ ತಪ್ಪಿದ್ಯಾ?" ಎಂದು ನಕ್ಕರು. ಸುತ್ತ ನಾಲ್ಕು ಜನ ನಿಂತಿದ್ದರು. "ಗಂಟೆ ಒಂದೇ ಹೊಡೆದ್ರು" ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ. ನಾಲಿಗೆಯ ತುದಿಗೆ ಬಂದದ್ದು ಆಚೆ ಬಿತ್ತು. ಅವರು ಗಂಭೀರವಾಗಿ ಫೋನ್ ಎತ್ತಿದರು. ನಾನು ಪಕ್ಕದಲ್ಲೇ ಇದ್ದೆ. ಆ ಕಡೆಯಿಂದ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಲೈನು ಹೋಯಿತೇನೋ ಎಂದು ಅವರು ಎರಡು ಸಲ ಹಲೋ ಅಂದರು. ಆಮೇಲೆ ಅಪ್ಪನ ದನಿ, ನನಗೂ ಕೇಳುವಷ್ಟು ಗಟ್ಟಿಯಾಗಿ: "ಹೌದು. ಒಂದೇ ಹೊಡೆದೆ. ನನ್ನದೇ ತಪ್ಪು."

ನಿನ್ನ ನೀಲಿ ಶಾಯಿ ಅದು.

ಅವತ್ತೇ ವಾಪಸ್ಸು ಬಂದು ಹೇಳಬಹುದಿತ್ತು. ನಾಳೆ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಅವರಿಗೆ ಎಚ್ಚರಿಕೆಯ ಪತ್ರ ಬಂತು, ಬಡ್ತಿ ನಿಂತಿತು. ಆಗ ಹೇಳಿದರೆ ಸುಳ್ಳು ಬರೆದರೆಂದು ಅವರ ಕೆಲಸಕ್ಕೇ ಕುತ್ತು ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಒಂದು ನೆವ. ಮನೆಗೆ ಬಂದಾಗ ಅವರು ನನ್ನ ಮುಖ ನೋಡಿ ಏನೂ ಕೇಳದೆ ಸುಮ್ಮನಿರುತ್ತಿದ್ದರು, ಅದು ನನಗೆ ತಡೆಯಲಾಗುತ್ತಿರಲಿಲ್ಲ. ಬರುವುದನ್ನೇ ಕಡಿಮೆ ಮಾಡಿದೆ. ಕೇಳಿದವರಿಗೆಲ್ಲ ಗಂಟೆಯ ಕಥೆ ಹೇಳಿದೆ. ಭಾವನಿಗೂ ಹೇಳಿದೆ. ಹೇಳುತ್ತಾ ಹೇಳುತ್ತಾ ಒಂದೇ ಪೆಟ್ಟು ನನಗೆ ಕಿವಿಯಲ್ಲಿ ಕೇಳಿಸತೊಡಗಿತು. ಜನವರಿಯಲ್ಲಿ ನಿನಗೆ "ಬೇಕೆಂದೇ ಹೊಡೆದರೋ" ಎಂದು ಬರೆದೆನಲ್ಲ, ನಂಬಿಕೊಂಡೇ ಬರೆದೆ. ನೀನು ಟ್ರಂಕಿನ ಹೆಸರು ಎತ್ತಿದಾಗ ಆ ಕಿಟಕಿ ಪಕ್ಕದ ಸೀಟು ವಾಪಸ್ಸು ನೆನಪಿಗೆ ಬಂತು.

ಅವರ ಮೇಲೆ ಸಿಟ್ಟು ಅಂತ ಊರೆಲ್ಲ ಅಂದುಕೊಂಡಿತು. ಸಿಟ್ಟಲ್ಲ, ನಾಚಿಕೆ. ಅವರು ಹೋದ ದಿನವೂ ಬೆಳಿಗ್ಗೆ ಬಂದು ಸಂಜೆ ಹೊರಟೆ. ಅವರ ಪಕ್ಕ ಐದು ನಿಮಿಷ ಒಬ್ಬಳೇ ಕೂತಿದ್ದೆ. ಆಗಲೂ ಹೇಳಲಿಲ್ಲ.

ಆದರೆ ಅಮ್ಮ ಅವರಿಗೆ ಹನ್ನೊಂದು ವರ್ಷ ಮಾತು ಬಿಟ್ಟಳೆಂದು ನನಗೆ ಗೊತ್ತಿರಲಿಲ್ಲ. ದೇವರಾಣೆಗೂ ಗೊತ್ತಿರಲಿಲ್ಲ. ಇದನ್ನು ಅವಳಿಗೆ ಓದಿ ಹೇಳು. ಒಂದಕ್ಷರವನ್ನೂ ಬಿಡಬೇಡ, ಮೆತ್ತಗೆ ಮಾಡಿ ಹೇಳಬೇಡ. ಆಮೇಲೆ ಅವಳು ನನ್ನ ಮುಖ ನೋಡಲ್ಲ ಅಂದರೆ ಅದು ಅವಳಿಗೆ ಸೇರಿದ್ದು.

ಅಕ್ಕ


ಏಪ್ರಿಲ್ ೨೮

ಅಕ್ಕನಿಗೆ,

ಓದಿ ಹೇಳಿದೆ. ಮಧ್ಯಾಹ್ನ, ಊಟವಾದ ಮೇಲೆ. ನಾನು ಬಹಳ ತಡವರಿಸಿದೆ. ಅಮ್ಮ ಗೋಡೆಗೆ ಒರಗಿ ಕೂತು ಕೇಳಿದಳು. ಮುಗಿದ ಮೇಲೆ "ಇನ್ನೊಂದು ಸಲ ಓದು" ಅಂದಳು. ಓದಿದೆ. "ಬಾವುಟದ್ದು ಮಾತ್ರ ಇನ್ನೊಂದು ಸಲ" ಅಂದಳು. ಅದನ್ನೂ ಓದಿದೆ. ಎದ್ದು ಹೋಗಿ ಹಿತ್ತಲಿನಲ್ಲಿ ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು. ನಿನ್ನ ನಾದಿನಿ ಹೋಗಿ ಕೈ ಹಿಡಿದಳು, ಅಮ್ಮ ಕೊಸರಿಕೊಂಡಳು.

ಎರಡು ದಿನ ಯಾರೊಂದಿಗೂ ಮಾತಿಲ್ಲ. ನಿನ್ನ ಮೇಲೆ ಸಿಟ್ಟೋ, ಅಪ್ಪನ ಮೇಲೋ, ತನ್ನ ಮೇಲೋ, ಓದಿ ಹೇಳಿದ ನನ್ನ ಮೇಲೋ ಗೊತ್ತಾಗಲಿಲ್ಲ. ಓದಬಾರದಿತ್ತೇನೋ ಅನಿಸಿತು. ಓದದೆ ಇದ್ದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು ಅಂತಲೂ ಅನಿಸಿತು. ನನಗೆ ಈಗ ಯಾವುದರಲ್ಲೂ ನೆಟ್ಟಗೆ ಒಂದು ಅಭಿಪ್ರಾಯ ಉಳಿದಿಲ್ಲ.

ಬೋರ್ಡು ನಿನ್ನೆ ನಿಂತಿತು. ಆ ಸಾಲು ಬರೆಸಲಿಲ್ಲ. ಗಂಟೆ ಎಂದೂ ತಪ್ಪಿಲ್ಲ ಎಂದು ಬರೆಸೋಣವೆಂದು ಬಾಯಿವರೆಗೆ ಬಂತು, ಅದನ್ನೂ ಬಿಟ್ಟೆ. ಅಪ್ಪ ತಪ್ಪಿದೆ ಎಂದು ಸಹಿ ಹಾಕಿದ್ದಾರೆ. ಅದನ್ನು ನಾನು ಹೋಗಿ ಸುಳ್ಳು ಮಾಡುವುದು ಸರಿಯಾಗಿ ಕಾಣಲಿಲ್ಲ. ಕೊನೆಗೆ ಪೇಂಟರನ ಹೂವಿನ ಬಳ್ಳಿಯೇ ಗತಿಯಾಯಿತು. ಚೆನ್ನಾಗಿ ಬರೆದಿದ್ದಾನೆ, ಪಾಪ.

ಇವತ್ತು ಬೆಳಿಗ್ಗೆ ನಾನು ತಿಂಡಿಗೆ ಕೂತಿದ್ದೆ. ಅಮ್ಮ ಬಡಿಸಲು ಬಂದವಳು ಸೌಟು ಹಿಡಿದು ಹಾಗೇ ನಿಂತುಬಿಟ್ಟಳು.

"ನಂಗೆ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲೋ ಅವರು. ಹನ್ನೊಂದು ವರ್ಷ ಎದುರಿಗೇ ಕೂತು ಉಂಡ್ರು, ಬಾಯಿ ಬಿಡಲಿಲ್ಲ."

ಅಕ್ಕನನ್ನು ಕಾಪಾಡಲು ಇರಬೇಕಮ್ಮಾ ಅಂದೆ.

"ಯಾರಿಂದ?" ಅಂದಳು. ಆಮೇಲೆ ಅವಳೇ ಹೇಳಿದಳು. "ನನ್ನಿಂದ. ಅವಳೇ ಬೇಕಂತ ಇಳಿದು ಹೋದ್ಲು ಅಂತ ಗೊತ್ತಾಗಿದ್ರೆ ನಾನು ಅವಳನ್ನ ಈ ಹೊಸ್ತಿಲು ತುಳಿಯೋಕೆ ಬಿಡ್ತಿರಲಿಲ್ಲ. ಆಗ ನಾನು ಹಾಗಿದ್ದೆ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಗಳ ಜೊತೆ ಮಾತು ಬಿಡೋ ಬದಲು ತನ್ನ ಜೊತೆ ಬಿಡಲಿ ಅಂತ ಸುಮ್ಮನಿದ್ದುಬಿಟ್ರು."

ಅಷ್ಟು ಹೇಳಿ ಅತ್ತಳು ಅಕ್ಕ. ಅಪ್ಪ ಹೋದಾಗ ಅವಳು ಅತ್ತಿರಲಿಲ್ಲ, ನೀನೇ ನೋಡಿದ್ದೀಯ. ನಾನು ಎಂಜಲು ಕೈಯಲ್ಲೇ ಕೂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ, ಕ್ಲರ್ಕು ಬಂದು ಬಾಗಿಲು ಬಡಿದು ಗಾಡಿಯ ಹೊತ್ತಾಯಿತು ಅಂದ.

ಎದ್ದು ಟೋಪಿ ಹಾಕಿಕೊಳ್ಳುವಾಗ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹಿಂದೆ ಬಂದಳು. ಅವಳು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ, ಒಂದಕ್ಷರವನ್ನೂ ಮೆತ್ತಗೆ ಮಾಡಿಲ್ಲ:

"ಬರೋಕೆ ಹೇಳು ಅವಳಿಗೆ. ಬೈಯೋದಿದೆ. ಕಾಗದದಲ್ಲಿ ಬೈದ್ರೆ ನಂಗೆ ಸಾಲಲ್ಲ."

ತಮ್ಮ